ಅಂಕದಲ್ಲಿ ಮುಂದೆ, ನಂಬಿಕೆಯಲ್ಲಿ ಹಿಂದೆ: ಗಣಿತದ ಈ ಒಗಟು ಬಿಡಿಸುವುದು ಹೇಗೆ?

ಹಲವು ದೇಶಗಳ ಶಾಲಾ ಮಕ್ಕಳ ಕಲಿಕೆಯನ್ನು ಒಂದೇ ಪರೀಕ್ಷೆಯಿಂದ ಅಳೆಯುವ ಪೀಸಾ ಅಥವಾ ಟಿಮ್ಸ್ ಸಮೀಕ್ಷೆಯ ಫಲಿತಾಂಶ ಹೊರಬಿದ್ದಾಗಲೆಲ್ಲ ಗಣಿತದ ಬಗ್ಗೆ ಎರಡು ಸುದ್ದಿ ಒಟ್ಟಿಗೇ ಬರುತ್ತವೆ. ತನ್ನ ಮೇಲೆ ನಂಬಿಕೆ ಇರುವ ವಿದ್ಯಾರ್ಥಿ ಹೆಚ್ಚು ಅಂಕ ಗಳಿಸುತ್ತಾನೆ ಎನ್ನುತ್ತದೆ ಒಂದು. ಅತಿ ಹೆಚ್ಚು ಅಂಕ ಗಳಿಸುವ ದೇಶಗಳಲ್ಲೇ ಮಕ್ಕಳಿಗೆ ತಮ್ಮ ಮೇಲೆ ನಂಬಿಕೆ ಕಡಿಮೆ ಎನ್ನುತ್ತದೆ ಇನ್ನೊಂದು. 2019ರ ಟಿಮ್ಸ್‌ನಲ್ಲಿ 8ನೇ ತರಗತಿಯ ಗಣಿತದಲ್ಲಿ ದಕ್ಷಿಣ ಕೊರಿಯಾದ ಸರಾಸರಿ 607, ಜಪಾನಿನದು 594. ಈ ಪರೀಕ್ಷೆಯ ಅಳತೆಪಟ್ಟಿಯ ನಡುಬಿಂದು 500. ಅಷ್ಟು ಎತ್ತರದಲ್ಲಿದ್ದೂ, ಗಣಿತದಲ್ಲಿ ತಮಗೆ ಪೂರ್ಣ ವಿಶ್ವಾಸವಿದೆ ಎಂದು ಹೇಳಿಕೊಂಡವರ ಪಾಲು ಈ ಎರಡೂ ದೇಶಗಳಲ್ಲಿ ಅಂತರರಾಷ್ಟ್ರೀಯ ಸರಾಸರಿಗಿಂತ ಕೆಳಗಿತ್ತು.

ಓದಿದವರಿಗೆ ಗೊಂದಲವಾಗುವುದು ಸಹಜ. ಮಗುವಿಗೆ ಧೈರ್ಯ ತುಂಬಬೇಕೋ, 'ನಿನಗಿನ್ನೂ ಬರುವುದಿಲ್ಲ' ಎಂದು ಎಚ್ಚರಿಸುತ್ತಿರಬೇಕೋ? ಪೋಷಕರು, ಶಿಕ್ಷಕರು, ಪಠ್ಯಕ್ರಮ ರೂಪಿಸುವವರು ತಮಗೆ ಒಪ್ಪುವ ಅರ್ಧ ಸುದ್ದಿಯನ್ನು ಹಿಡಿದುಕೊಂಡು ಹೊರಡುತ್ತಾರೆ. ಎರಡು ಸುದ್ದಿಗಳೂ ನಿಜ. ಅವುಗಳಿಂದ ಸಾಮಾನ್ಯವಾಗಿ ತೆಗೆಯುವ ತೀರ್ಮಾನಗಳು ಮಾತ್ರ ಎರಡೂ ತಪ್ಪು.

## ಒಂದೇ ಅಂಕಿಅಂಶ, ಎರಡು ದಿಕ್ಕು

ಒಂದು ಸಣ್ಣ ಲೆಕ್ಕ ನೋಡೋಣ. ಎರಡು ತರಗತಿಗಳನ್ನು ಊಹಿಸಿಕೊಳ್ಳಿ. ಮೊದಲನೆಯದರಲ್ಲಿ ಮೂವರು ಮಕ್ಕಳಿದ್ದಾರೆ. ಅವರ ಅಂಕ 70, 80, 90. ತಮ್ಮ ಮೇಲಿನ ನಂಬಿಕೆಗೆ 10ರಲ್ಲಿ ಅವರು ಕೊಟ್ಟುಕೊಂಡದ್ದು ಕ್ರಮವಾಗಿ 3, 4, 5. ಎರಡನೆಯ ತರಗತಿಯ ಮೂವರ ಅಂಕ 30, 40, 50. ನಂಬಿಕೆ 6, 7, 8. ಪ್ರತಿ ತರಗತಿಯ ಒಳಗೆ ನೋಡಿದರೆ ಅಂಕ ಏರಿದಂತೆ ನಂಬಿಕೆಯೂ ಏರುತ್ತದೆ. ತರಗತಿಗಳ ಸರಾಸರಿ ಹಿಡಿದರೆ ಚಿತ್ರ ತಲೆಕೆಳಗು: 80 ಅಂಕದ ತರಗತಿಯ ನಂಬಿಕೆ 4, 40 ಅಂಕದ ತರಗತಿಯ ನಂಬಿಕೆ 7.

ದೇಶಗಳ ಮಟ್ಟದಲ್ಲೂ ಆಗುತ್ತಿರುವುದು ಇದೇ. ಜಪಾನಿನ ಒಳಗೆ ನೋಡಿ, ನಂಬಿಕೆ ಹೆಚ್ಚಿರುವ ಮಗುವಿಗೇ ಅಂಕ ಹೆಚ್ಚು. ಬೇರೆ ಬೇರೆ ದೇಶಗಳ ಒಳಗೂ ಈ ಚಿತ್ರವೇ ಮರುಕಳಿಸುತ್ತದೆ. ಸರಾಸರಿಗಳನ್ನು ಅಕ್ಕಪಕ್ಕ ಇಟ್ಟಾಗ ಮಾತ್ರ ಸಂಬಂಧ ತಿರುಗಿಬೀಳುತ್ತದೆ. ಗುಂಪಿನ ಸರಾಸರಿಯಿಂದ ವ್ಯಕ್ತಿಯ ಬಗ್ಗೆ ತೀರ್ಮಾನಕ್ಕೆ ಬರಬಾರದು ಎಂಬುದನ್ನು ವಿಲಿಯಂ ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞ 1950ರಲ್ಲೇ ಅಂಕಿಅಂಶ ಸಮೇತ ತೋರಿಸಿದ್ದರು. ಅಮೆರಿಕದ ರಾಜ್ಯಗಳ ಸರಾಸರಿ ಹಿಡಿದರೆ ವಲಸಿಗರು ಹೆಚ್ಚಿರುವಲ್ಲಿ ಅನಕ್ಷರತೆ ಕಡಿಮೆ. ಒಬ್ಬೊಬ್ಬರನ್ನೇ ಎಣಿಸಿದರೆ ವಲಸಿಗರಲ್ಲೇ ಅನಕ್ಷರತೆ ತುಸು ಹೆಚ್ಚು.

ಸರಾಸರಿ ಯಾಕೆ ತಿರುಗುತ್ತದೆ? ಮುಖ್ಯ ಕಾರಣ ಅಳತೆಗೋಲು. 'ನನಗೆ ಗಣಿತ ಚೆನ್ನಾಗಿ ಬರುತ್ತದೆ' ಎಂಬ ವಾಕ್ಯವನ್ನು ಒಪ್ಪುತ್ತೀರಾ ಎಂದು ಕೇಳಿದಾಗ ಮಗು ಜಗತ್ತಿನ ಎಲ್ಲ ಮಕ್ಕಳ ಜತೆ ತನ್ನನ್ನು ತೂಗಿ ನೋಡುವುದಿಲ್ಲ. ಪಕ್ಕದ ಬೆಂಚಿನವರ ಜತೆ, ಪಠ್ಯಕ್ರಮ ಕೇಳುವ ಮಟ್ಟದ ಜತೆ ತೂಗುತ್ತದೆ. ಪಠ್ಯ ಕಠಿಣವಾಗಿದ್ದು ಸುತ್ತ ಇರುವವರೆಲ್ಲ ಚುರುಕಾಗಿದ್ದರೆ 'ಚೆನ್ನಾಗಿ' ಎಂಬ ಪದದ ಬೆಲೆಯೇ ಏರುತ್ತದೆ. ತನ್ನನ್ನು ತಾನು ಹೊಗಳಿಕೊಳ್ಳುವುದು ಸಭ್ಯತೆಯಲ್ಲ ಎಂಬ ನಡವಳಿಕೆ ಇರುವ ಕಡೆ ಉತ್ತರ ಇನ್ನಷ್ಟು ತಗ್ಗುತ್ತದೆ. ಹಾಗಾಗಿ ದೇಶಗಳ ನಡುವಿನ ನಂಬಿಕೆಯ ಅಂಕಿಗಳು ಒಂದೇ ಮೀಟರ್ ಪಟ್ಟಿಯಿಂದ ಅಳೆದವಲ್ಲ.

## ಸ್ವಸಾಮರ್ಥ್ಯ, ಸ್ವಚಿತ್ರ, ಸ್ವಾಭಿಮಾನ

ಇನ್ನೊಂದು ಗೊಂದಲ 'ಆತ್ಮವಿಶ್ವಾಸ' ಎಂಬ ಪದದೊಳಗೇ ಇದೆ. ಸಂಶೋಧಕರು ಬೇರೆ ಬೇರೆ ಇಟ್ಟು ಅಳೆಯುವ ಮೂರು ಸಂಗತಿಗಳನ್ನು ಸುದ್ದಿಗಳು ಒಂದೇ ಪದದಲ್ಲಿ ಕಟ್ಟಿಬಿಡುತ್ತವೆ.

ಮೊದಲನೆಯದು ಸ್ವಸಾಮರ್ಥ್ಯದ ನಂಬಿಕೆ: ಎದುರಿಗಿರುವ ಈ ನಿರ್ದಿಷ್ಟ ಕೆಲಸವನ್ನು ನಾನು ಮಾಡಬಲ್ಲೆ ಎಂಬ ಅಂದಾಜು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಈ ಪರಿಕಲ್ಪನೆಯನ್ನು ಮುಂದಿಟ್ಟರು. 2012ರ ಪೀಸಾದಲ್ಲಿ ಇದನ್ನು ಅಳೆದದ್ದು ಹೀಗೆ: 3x + 5 = 17ರಂಥ ಸಮೀಕರಣ ಬಿಡಿಸುವ ಬಗ್ಗೆ, ನೆಲಕ್ಕೆ ಎಷ್ಟು ಚದರ ಮೀಟರ್ ಹಾಸುಬಿಲ್ಲೆ ಬೇಕೆಂದು ಲೆಕ್ಕ ಹಾಕುವ ಬಗ್ಗೆ, ರೈಲಿನ ವೇಳಾಪಟ್ಟಿ ನೋಡಿ ಪ್ರಯಾಣದ ಅವಧಿ ಹೇಳುವ ಬಗ್ಗೆ ನಿಮಗೆಷ್ಟು ವಿಶ್ವಾಸವಿದೆ? ಎರಡನೆಯದು ಗಣಿತದ ಸ್ವಚಿತ್ರ: 'ನಾನು ಲೆಕ್ಕದಲ್ಲಿ ಚುರುಕು' ಅಥವಾ 'ಲೆಕ್ಕ ನನಗೆ ಕಬ್ಬಿಣದ ಕಡಲೆ' ಎಂಬ ಒಟ್ಟಾರೆ ಭಾವನೆ. ಮೂರನೆಯದು ಸ್ವಾಭಿಮಾನ: ವ್ಯಕ್ತಿಯಾಗಿ ನನಗೊಂದು ಬೆಲೆ ಇದೆ ಎಂಬ ಭಾವ. ಗಣಿತಕ್ಕೂ ಇದಕ್ಕೂ ನೇರ ನಂಟಿಲ್ಲ.

ಅಂಕದ ಜತೆ ಇವುಗಳ ಸಂಬಂಧ ಒಂದೇ ತೂಕದ್ದಲ್ಲ. ಪ್ರಶ್ನೆ ನಿರ್ದಿಷ್ಟವಾದಷ್ಟೂ ನಂಬಿಕೆ ಮತ್ತು ಸಾಧನೆ ಹತ್ತಿರವಾಗುತ್ತವೆ. ಫ್ರಾಂಕ್ ಪಹಾರೆಸ್ ಮತ್ತು ಡೇವಿಡ್ ಮಿಲ್ಲರ್ 1994ರಲ್ಲಿ 350 ಪದವಿ ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ, ಗಣಿತದ ಸ್ವಚಿತ್ರಕ್ಕಿಂತಲೂ ಹಿಂದೆ ಕಲಿತ ಗಣಿತದ ಅನುಭವಕ್ಕಿಂತಲೂ ನಿರ್ದಿಷ್ಟ ಲೆಕ್ಕಗಳ ಬಗೆಗಿನ ಸ್ವಸಾಮರ್ಥ್ಯದ ನಂಬಿಕೆಯೇ ಫಲಿತಾಂಶವನ್ನು ಹೆಚ್ಚು ನಿಖರವಾಗಿ ಮುನ್ಸೂಚಿಸಿತು. ಕಾರಣ ಸರಳ. 'ಈ ಲೆಕ್ಕ ಬಿಡಿಸಬಲ್ಲೆಯಾ' ಎಂದು ಕೇಳಿದರೆ ವಿದ್ಯಾರ್ಥಿ ತನ್ನ ನೆನಪಿನಲ್ಲಿ ವಿಧಾನವನ್ನು ಹುಡುಕಿ ಉತ್ತರಿಸುತ್ತಾನೆ. 'ನೀನು ಲೆಕ್ಕದಲ್ಲಿ ಹೇಗೆ' ಎಂದು ಕೇಳಿದರೆ ಹುಡುಕುವುದು ವಿಧಾನವನ್ನಲ್ಲ, ತನ್ನ ಸ್ಥಾನವನ್ನು.

## ಬೀಜ ಮೊದಲೋ, ಮರ ಮೊದಲೋ

ನಂಬಿಕೆಯಿಂದ ಅಂಕವೋ, ಅಂಕದಿಂದ ನಂಬಿಕೆಯೋ? ಈ ಪ್ರಶ್ನೆಯ ಸುತ್ತ ಎರಡು ಪಂಗಡಗಳಿವೆ. ಮೊದಲು ಮಗುವಿನ ಆತ್ಮಗೌರವ ಎತ್ತಿ, ಕಲಿಕೆ ತಾನಾಗಿ ಹಿಂಬಾಲಿಸುತ್ತದೆ ಎನ್ನುವವರು ಒಂದು ಕಡೆ. ಕೌಶಲ ಕಲಿಸಿ, ನಂಬಿಕೆ ತಾನಾಗಿ ಬರುತ್ತದೆ ಎನ್ನುವವರು ಇನ್ನೊಂದು ಕಡೆ.

ಮೊದಲ ಪಂಗಡದ ಮಾತು ಸರ್ಕಾರಿ ನೀತಿಯಾಗಿಯೂ ಬಂತು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 1986ರಲ್ಲಿ ಸ್ವಾಭಿಮಾನ ವೃದ್ಧಿಗೆಂದೇ ಕಾರ್ಯಪಡೆಯೊಂದನ್ನು ರಚಿಸಿತು. 1990ರಲ್ಲಿ ಅದರ ವರದಿ ಬಂತು. ಮುಂದೆ 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಈ ವಿಷಯದ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದ್ದು: ಸ್ವಾಭಿಮಾನ ಮತ್ತು ಶಾಲಾ ಸಾಧನೆ ಒಟ್ಟಿಗೆ ಕಾಣಿಸಿಕೊಳ್ಳುವುದೇನೋ ನಿಜ, ಆದರೆ ಸ್ವಾಭಿಮಾನವನ್ನು ಎತ್ತಿದರೆ ಸಾಧನೆ ಏರುತ್ತದೆ ಎಂಬುದಕ್ಕೆ ಆಧಾರ ಸಿಗುವುದಿಲ್ಲ, ಆ ಸಂಬಂಧದ ಒಂದು ಭಾಗವಂತೂ ಚೆನ್ನಾಗಿ ಓದಿದ್ದರ ಫಲ.

ಹಾಗಾದರೆ ಎರಡನೆಯ ಪಂಗಡ ಗೆದ್ದಿತೇ? ಪೂರ್ತಿ ಇಲ್ಲ. ಅದೇ ವಿದ್ಯಾರ್ಥಿಗಳ ನಂಬಿಕೆಯನ್ನೂ ಅಂಕವನ್ನೂ ಎರಡು ಮೂರು ಬಾರಿ ಅಳೆದು, ಹಿಂದಿನ ಅಂಕದ ಪ್ರಭಾವವನ್ನು ಕಳೆದು ನೋಡಿದ ಅಧ್ಯಯನಗಳಲ್ಲಿ ಎರಡೂ ದಿಕ್ಕಿನ ಹರಿವು ಕಾಣುತ್ತದೆ. 2018ರಲ್ಲಿ ಕೇಟ್ ಟಾಲ್ಸ್ಮಾ ತಂಡ ಇಂಥ 11 ಅಧ್ಯಯನಗಳ 2,688 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿತು. ಅವು ಗಣಿತಕ್ಕಷ್ಟೇ ಸೀಮಿತವಲ್ಲ, ಒಟ್ಟಾರೆ ಶೈಕ್ಷಣಿಕ ಸಾಧನೆಯವು. ಸಾಧನೆಯಿಂದ ಸ್ವಸಾಮರ್ಥ್ಯದ ನಂಬಿಕೆಗೆ ಹೋಗುವ ಪ್ರಭಾವ 0.205, ನಂಬಿಕೆಯಿಂದ ಸಾಧನೆಗೆ ಬರುವುದು 0.071. ಅಂದರೆ ಮೊದಲ ಕಾಲುವೆಯಲ್ಲಿ ಹರಿಯುವ ನೀರು ಎರಡನೆಯದರ ಮೂರರಷ್ಟು. ದೊಡ್ಡವರನ್ನೂ ಮಕ್ಕಳನ್ನೂ ಬೇರ್ಪಡಿಸಿ ನೋಡಿದಾಗ, ಮಕ್ಕಳಲ್ಲಿ ಸಾಧನೆಯಿಂದ ನಂಬಿಕೆಗೆ ಹೋಗುವ ಹರಿವು ಮಾತ್ರ ಸ್ಪಷ್ಟವಾಗಿ ಉಳಿಯಿತು.

0.071 ಎಂದರೆ ಎಷ್ಟು? ಅಂಕಗಳ ಪ್ರಮಾಣ ವಿಚಲನೆ (ಸರಾಸರಿಯಿಂದ ಅಂಕಗಳು ಸಾಮಾನ್ಯವಾಗಿ ಎಷ್ಟು ದೂರ ಹರಡಿವೆ ಎಂಬ ಅಳತೆ) 15 ಇರುವ ಪರೀಕ್ಷೆಯೊಂದನ್ನು ಊಹಿಸಿಕೊಳ್ಳಿ. ಹಿಂದಿನ ಸಾಧನೆ ಒಂದೇ ಇರುವ ಇಬ್ಬರಲ್ಲಿ ಒಬ್ಬರ ನಂಬಿಕೆ ಒಂದು ಪ್ರಮಾಣ ವಿಚಲನೆಯಷ್ಟು ಮೇಲಿದ್ದರೆ ಅವರಿಗೆ ಸಿಗುವ ಲಾಭ ಸುಮಾರು 1 ಅಂಕ. ಒಂದು ಸುತ್ತಿಗೆ ಇದು ಸಣ್ಣದೇ. ಆದರೆ ಗಣಿತ ಮೆಟ್ಟಿಲು ಮೆಟ್ಟಿಲಾಗಿ ಏರುವ ವಿಷಯ. ಭಿನ್ನರಾಶಿಯಲ್ಲಿ ಎಡವಿದವನಿಗೆ ಅನುಪಾತ ಕಷ್ಟ, ಅನುಪಾತದಲ್ಲಿ ಎಡವಿದವನಿಗೆ ಬೀಜಗಣಿತ ಕಷ್ಟ. ಕಡಿಮೆ ಅಂಕ ನಂಬಿಕೆಯನ್ನು ಕುಗ್ಗಿಸುತ್ತದೆ, ಕುಗ್ಗಿದ ನಂಬಿಕೆ ಅಭ್ಯಾಸವನ್ನು ಕುಗ್ಗಿಸುತ್ತದೆ, ಅಭ್ಯಾಸವಿಲ್ಲದೆ ಮುಂದಿನ ಪಾಠ ಇನ್ನೂ ಕಠಿಣ. ಸಣ್ಣ ತಳ್ಳಾಟವೇ ಆದರೂ ಅದು ಸದಾ ಒಂದೇ ದಿಕ್ಕಿನಲ್ಲಿ, ವರ್ಷಗಟ್ಟಲೆ ನಡೆಯುತ್ತದೆ ಎಂಬುದನ್ನು ಮರೆಯಬಾರದು.

## ನಂಬಿಕೆ ಕೈಗೆ ಇಳಿಯುವ ದಾರಿ

ಸೂತ್ರ ಗೊತ್ತಿಲ್ಲದವನಿಗೆ ನಂಬಿಕೆ ಸೂತ್ರ ಹೇಳಿಕೊಡುವುದಿಲ್ಲ. ಅದು ಕೆಲಸ ಮಾಡುವುದು ಮುಖ್ಯವಾಗಿ ಮೂರು ಕಡೆ.

ಮೊದಲನೆಯದು ಸಿಕ್ಕಿಕೊಂಡಾಗ ಏನು ಮಾಡುತ್ತಾನೆ ಎಂಬಲ್ಲಿ. 1982ರಲ್ಲಿ ಕಾಲಿನ್ಸ್ ನಡೆಸಿದ, ಬಂಡೂರ ಮತ್ತೆ ಮತ್ತೆ ಉಲ್ಲೇಖಿಸಿದ ಅಧ್ಯಯನವೊಂದರಲ್ಲಿ, ಗಣಿತದ ಸಾಮರ್ಥ್ಯ ಸಮಾನವಾಗಿದ್ದ ಮಕ್ಕಳಲ್ಲೇ ನಂಬಿಕೆ ಹೆಚ್ಚಿದ್ದವರು ತಪ್ಪು ದಾರಿಯನ್ನು ಬೇಗ ಕೈಬಿಟ್ಟರು, ಹೆಚ್ಚು ಲೆಕ್ಕ ಬಿಡಿಸಿದರು, ತಪ್ಪಿದವನ್ನು ಹೆಚ್ಚಾಗಿ ಮತ್ತೆ ಕೈಗೆತ್ತಿಕೊಂಡರು. ನಂಬಿಕೆ ಕಡಿಮೆ ಇರುವ ಮಗು ತಪ್ಪಾದ ಲೆಕ್ಕವನ್ನು ತನ್ನ ಬಗೆಗಿನ ತೀರ್ಪು ಎಂದುಕೊಳ್ಳುತ್ತದೆ. ತೀರ್ಪು ಬಂದಮೇಲೆ ಮರುವಿಚಾರಣೆಗೆ ಹೋಗುವುದಿಲ್ಲ. ಎರಡನೆಯದು ಆಯ್ಕೆಯಲ್ಲಿ. ಗಣಿತವನ್ನು ಮುಂದುವರಿಸಬೇಕೋ ಬಿಡಬೇಕೋ ಎಂಬ ತಿರುವಿನಲ್ಲಿ ಅಂಕದಷ್ಟೇ ಸ್ವಚಿತ್ರವೂ ಮಾತಾಡುತ್ತದೆ. ಒಳ್ಳೆಯ ಅಂಕವಿದ್ದೂ 'ಇದು ನನಗಲ್ಲ' ಎಂದು ದೂರ ಸರಿಯುವವರು ಅಲ್ಲಿಯೇ ಕಳೆದುಹೋಗುವುದು.

ಮೂರನೆಯದು ಆತಂಕದ ದಾರಿ, ಅತಿ ಹೆಚ್ಚು ಅಧ್ಯಯನ ನಡೆದಿರುವುದೂ ಇದರ ಮೇಲೆ. 45 + 38 ಎಂಬ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುವಾಗ 5 + 8 = 13, ಅದರಲ್ಲಿ 3 ಇಟ್ಟು 1 ದಶಕ ಹಿಡಿದುಕೊಂಡು, 4 + 3ಕ್ಕೆ ಆ ಒಂದನ್ನು ಸೇರಿಸಬೇಕು. ಹಿಡಿದುಕೊಂಡ ಆ 1 ಕೂರುವ ಜಾಗವೇ ಕಾರ್ಯಸ್ಮೃತಿ. ಅದು ಬಹಳ ಚಿಕ್ಕ ಜಾಗ. 'ತಪ್ಪಾದರೆ ಏನಂದುಕೊಳ್ಳುತ್ತಾರೋ' ಎಂಬ ಚಿಂತೆಯೂ ಅದೇ ಜಾಗದಲ್ಲಿ ಬಂದು ಕೂರುತ್ತದೆ. ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001ರಲ್ಲಿ ಇದನ್ನು ಪರೀಕ್ಷಿಸಿದರು: ಕೆಲವು ಅಕ್ಷರಗಳನ್ನು ನೆನಪಿಟ್ಟುಕೊಂಡೇ ಕೂಡುವ ಲೆಕ್ಕ ಮಾಡಬೇಕು. ದಶಕ ಹಿಡಿಯಬೇಕಾದ ಲೆಕ್ಕಗಳಲ್ಲಿ, ಗಣಿತದ ಆತಂಕ ಹೆಚ್ಚಿದ್ದವರ ತಪ್ಪುಗಳು ಉಳಿದವರಿಗಿಂತ ತೀವ್ರವಾಗಿ ಏರಿದವು.

ಇದರಿಂದ ಹೊರಡುವ ಒಂದು ಪರಿಣಾಮ ಬಹುಜನರಿಗೆ ಅನಿರೀಕ್ಷಿತ. ಜೆರಾರ್ಡೊ ರಾಮಿರೆಜ್ ಮತ್ತು ಸಂಗಡಿಗರು 2013ರಲ್ಲಿ 1 ಮತ್ತು 2ನೇ ತರಗತಿಯ ಮಕ್ಕಳಲ್ಲಿ ಕಂಡಂತೆ, ಆತಂಕದ ಹೊಡೆತ ಹೆಚ್ಚು ಬಿದ್ದದ್ದು ಕಾರ್ಯಸ್ಮೃತಿ ಚೆನ್ನಾಗಿದ್ದ ಮಕ್ಕಳಿಗೇ. ಬೆರಳು ಎಣಿಸುವ ಮಗುವಿಗೆ ಆ ಚಿಕ್ಕ ಜಾಗದ ಅವಲಂಬನೆ ಕಡಿಮೆ. ಸಂಖ್ಯೆಗಳನ್ನು ಮನಸ್ಸಿನಲ್ಲೇ ಒಡೆದು ಜೋಡಿಸುವ ಮಗುವಿಗೆ ಅದೇ ಬಂಡವಾಳ, ಆತಂಕ ಬಾಚಿಕೊಳ್ಳುವುದೂ ಅದನ್ನೇ. ಆದ್ದರಿಂದ 'ಬುದ್ಧಿವಂತ ಮಗು, ಭಯದ ಬಗ್ಗೆ ಚಿಂತಿಸಬೇಕಿಲ್ಲ' ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಪ್ರಮಾಣದ ಅಂದಾಜಿಗೆ 2012ರ ಪೀಸಾ ಸಾಕು. 15 ವರ್ಷದವರಲ್ಲಿ ಸುಮಾರು 30% ಮಂದಿ ಲೆಕ್ಕ ಮಾಡುವಾಗ ಅಸಹಾಯಕರೆನಿಸುತ್ತದೆ ಎಂದಿದ್ದರು. ಆತಂಕದ ಸೂಚ್ಯಂಕ ಒಂದು ಘಟಕ ಏರಿದಲ್ಲಿ ಅಂಕ ಸರಾಸರಿ 34 ಕಡಿಮೆ ಇತ್ತು. ಇದು ಕೂಡ ಒಟ್ಟಿಗೆ ಕಂಡ ಸಂಬಂಧವೇ. 34 ಅಂಕಗಳನ್ನೂ ಆತಂಕವೇ ಕಿತ್ತುಕೊಂಡಿತು ಎಂದು ಓದಬಾರದು. ಲೆಕ್ಕ ಬಾರದಿರುವುದರಿಂದಲೂ ಆತಂಕ ಹುಟ್ಟುತ್ತದೆ.

## ಚೆನ್ನಾಗಿ ಓದುವವರ ನಡುವೆ ಕುಗ್ಗುವ ಮಗು

ಸ್ವಚಿತ್ರವನ್ನು ಅಂಕವಷ್ಟೇ ಕಟ್ಟುವುದಿಲ್ಲ, ಹೋಲಿಕೆಯೂ ಕಟ್ಟುತ್ತದೆ. ಹರ್ಬರ್ಟ್ ಮಾರ್ಷ್ ಇದನ್ನು 'ಚಿಕ್ಕ ಕೊಳದ ದೊಡ್ಡ ಮೀನು' ಎಂದು ಕರೆದರು. ಸಮಾನ ಸಾಮರ್ಥ್ಯದ ಇಬ್ಬರಲ್ಲಿ ಒಬ್ಬರನ್ನು ಆಯ್ದ ಮಕ್ಕಳ ಶಾಲೆಗೂ ಇನ್ನೊಬ್ಬರನ್ನು ಸಾಧಾರಣ ಶಾಲೆಗೂ ಸೇರಿಸಿದರೆ, ಆಯ್ದ ಶಾಲೆಗೆ ಹೋದವರ ಸ್ವಚಿತ್ರವೇ ತಗ್ಗುತ್ತದೆ. ಮಾರ್ಷ್ ಮತ್ತು ಕಿಟ್-ತಾಯ್ ಹಾವ್ 2003ರಲ್ಲಿ 26 ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಪೀಸಾ ಮಾಹಿತಿ ಪರಿಶೀಲಿಸಿದಾಗ 26 ದೇಶಗಳಲ್ಲೂ ಪರಿಣಾಮ ಇದೇ ದಿಕ್ಕಿನಲ್ಲಿತ್ತು. ಆರಂಭದ ಒಗಟಿಗೆ ಅರ್ಧ ಉತ್ತರ ಇಲ್ಲೇ ಇದೆ. ಎತ್ತರದ ಸರಾಸರಿಯ ದೇಶವೆಂದರೆ ಒಂದರ್ಥದಲ್ಲಿ ದೊಡ್ಡ ಮೀನುಗಳೇ ತುಂಬಿದ ಕೊಳ.

ಮಗು ತನ್ನೊಳಗೂ ಹೋಲಿಸಿಕೊಳ್ಳುತ್ತದೆ. ಭಾಷೆಯಲ್ಲಿ 90, ಗಣಿತದಲ್ಲಿ 80 ಬಂದ ವಿದ್ಯಾರ್ಥಿ 'ನನಗೆ ಲೆಕ್ಕ ಬರುವುದಿಲ್ಲ' ಎನ್ನುತ್ತಾನೆ. ಭಾಷೆಯಲ್ಲಿ 50, ಗಣಿತದಲ್ಲಿ 65 ಬಂದವನು ತನ್ನನ್ನು ಲೆಕ್ಕದ ಹುಡುಗ ಎಂದುಕೊಳ್ಳುತ್ತಾನೆ. 2009ರಲ್ಲಿ ಯೆನ್ಸ್ ಮೊಲ್ಲರ್ ತಂಡ 69 ಮಾಹಿತಿ ಸಮೂಹಗಳನ್ನು ಸೇರಿಸಿ ನೋಡಿದಾಗ ಭಾಷೆ ಮತ್ತು ಗಣಿತದ ಅಂಕಗಳ ನಡುವಿನ ಸಹಸಂಬಂಧ 0.67 ಇತ್ತು (1 ಎಂದರೆ ಎರಡೂ ಪೂರ್ತಿ ಒಟ್ಟಿಗೆ ಏರಿಳಿಯುತ್ತವೆ, 0 ಎಂದರೆ ನಂಟೇ ಇಲ್ಲ). ಆ ಎರಡು ವಿಷಯಗಳ ಸ್ವಚಿತ್ರಗಳ ನಡುವೆ ಇದ್ದದ್ದು ಬರೀ 0.10. ಎರಡರಲ್ಲೂ ಚೆನ್ನಾಗಿ ಮಾಡುವ ಮಕ್ಕಳು ಬೇಕಾದಷ್ಟಿದ್ದಾರೆ; ಎರಡರಲ್ಲೂ ತಾನು ಚೆನ್ನಾಗಿದ್ದೇನೆ ಎಂದು ನಂಬುವವರು ಕಡಿಮೆ.

ಹುಡುಗಿಯರ ವಿಷಯದಲ್ಲಿ ಈ ಬಿರುಕು ಇನ್ನೂ ಸ್ಪಷ್ಟ. ನಿಕೋಲ್ ಎಲ್ಸ್-ಕ್ವೆಸ್ಟ್, ಜಾನೆಟ್ ಹೈಡ್ ಮತ್ತು ಮಾರ್ಸಿಯಾ ಲಿನ್ 2010ರಲ್ಲಿ 69 ದೇಶಗಳ 4.9 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿ ವಿಶ್ಲೇಷಿಸಿದರು. ಗಣಿತದ ಸಾಧನೆಯಲ್ಲಿ ಹುಡುಗ ಹುಡುಗಿಯರ ಸರಾಸರಿ ಅಂತರ ತೀರಾ ಚಿಕ್ಕದು. ಆತ್ಮವಿಶ್ವಾಸದ ಅಂತರ ಅದಕ್ಕಿಂತ ದೊಡ್ಡದು, ಹುಡುಗರ ಪರ. ಥಾಮಸ್ ಗ್ಯೋಟ್ಸ್ ತಂಡದ 2013ರ ಅಧ್ಯಯನ ಇನ್ನೊಂದು ಎಳೆ ಹಿಡಿಯಿತು. ಸಾಮಾನ್ಯವಾಗಿ ನಿನಗೆ ಗಣಿತದ ಆತಂಕ ಎಷ್ಟು ಎಂದು ಕೇಳಿದಾಗ ಹುಡುಗಿಯರು ಹೆಚ್ಚು ಹೇಳಿದರು. ಪಾಠ ಅಥವಾ ಪರೀಕ್ಷೆ ನಡೆಯುತ್ತಿದ್ದಾಗಲೇ ಕೇಳಿದರೆ ಹುಡುಗ ಹುಡುಗಿಯರಲ್ಲಿ ವ್ಯತ್ಯಾಸ ಸಿಗಲಿಲ್ಲ. ಆ ಗಳಿಗೆಯಲ್ಲಿ ಅನುಭವಿಸಿದ್ದು ಸಮ, ತನ್ನ ಬಗ್ಗೆ ಹೊತ್ತು ತಿರುಗುವ ಕಥೆ ಬೇರೆ. ಹುಡುಗಿಯರಿಗೆ ಗಣಿತ ಒಗ್ಗುವುದಿಲ್ಲ ಎಂದು ಮಗುವಿನ ಎದುರಿಗೇ ಆಡುವ ಮಾತಿನಿಂದ ಇಂಥ ಕಥೆ ಹುಟ್ಟಬಹುದು ಎಂಬುದನ್ನು ದೊಡ್ಡವರು ಗಂಭೀರವಾಗಿ ತೆಗೆದುಕೊಳ್ಳಬೇಕು.

## ತುಂಬು ವಿಶ್ವಾಸದ ತಪ್ಪುಗಳು

ನಂಬಿಕೆ ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುವುದಕ್ಕೂ ಮಿತಿ ಇದೆ. 1/2 + 1/3 = 2/5 ಎಂದು ಬರೆಯುವ, 0.8ಕ್ಕಿಂತ 0.35 ದೊಡ್ಡದು ಎನ್ನುವ ವಿದ್ಯಾರ್ಥಿ ಅನುಮಾನದಲ್ಲಿ ಬರೆದಿರುವುದಿಲ್ಲ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡು. 8ಕ್ಕಿಂತ 35 ದೊಡ್ಡದು. ಪೂರ್ಣಸಂಖ್ಯೆಗಳಲ್ಲಿ ಪಳಗಿದ ನಿಯಮವನ್ನು ಪೂರ್ಣ ಧೈರ್ಯದಿಂದ ತಪ್ಪು ಜಾಗಕ್ಕೆ ಒಯ್ದಿರುತ್ತಾನೆ. ಈ ಮಗುವಿಗೆ ಇನ್ನಷ್ಟು ಧೈರ್ಯ ತುಂಬಿದರೆ ತಪ್ಪು ಗಟ್ಟಿಯಾಗುತ್ತದೆ, ಅಷ್ಟೆ.

ಒಳ್ಳೆಯ ಸುದ್ದಿಯೂ ಇದೆ. ಗಟ್ಟಿ ನಂಬಿಕೆಯಿಂದ ಮಾಡಿದ ತಪ್ಪನ್ನು ಕೂಡಲೇ ತೋರಿಸಿದರೆ ಅದು ಅರೆನಂಬಿಕೆಯ ತಪ್ಪಿಗಿಂತ ಚೆನ್ನಾಗಿ ತಿದ್ದಿಕೊಳ್ಳುತ್ತದೆ ಎಂದು ಬ್ರಾಡಿ ಬಟರ್‌ಫೀಲ್ಡ್ ಮತ್ತು ಜಾನೆಟ್ ಮೆಟ್ಕಾಫ್ 2001ರಲ್ಲಿ ತೋರಿಸಿದರು. ಅವರ ಪ್ರಯೋಗ ಸಾಮಾನ್ಯ ಜ್ಞಾನದ ಪ್ರಶ್ನೆಗಳ ಮೇಲೆ ನಡೆದದ್ದು. ಖಚಿತ ಎಂದುಕೊಂಡದ್ದು ತಪ್ಪಾದಾಗ ಹುಟ್ಟುವ ಅಚ್ಚರಿ ಗಮನವನ್ನು ಸೆಳೆಯುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆ.

ಬರೀ ಬಾಯಿಮಾತಿನ ವಿಶ್ವಾಸವೂ ಉಂಟು. 2012ರ ಪೀಸಾ ಪ್ರಶ್ನಾವಳಿಯಲ್ಲಿ ನಿಜವಾದ ಗಣಿತ ಪದಗಳ ನಡುವೆ 'ಪ್ರಾಪರ್ ನಂಬರ್', 'ಸಬ್‌ಜಂಕ್ಟಿವ್ ಸ್ಕೇಲಿಂಗ್', 'ಡಿಕ್ಲರೇಟಿವ್ ಫ್ರ್ಯಾಕ್ಷನ್' ಎಂಬ ಮೂರು ಹುಸಿ ಪದಗಳನ್ನು ಸೇರಿಸಲಾಗಿತ್ತು. ಅಂಥ ಪರಿಕಲ್ಪನೆಗಳು ಗಣಿತದಲ್ಲಿ ಇಲ್ಲವೇ ಇಲ್ಲ. ಜಾನ್ ಜೆರಿಮ್ ಮತ್ತು ಸಂಗಡಿಗರು 2019ರಲ್ಲಿ ಇಂಗ್ಲಿಷ್ ಮಾತಾಡುವ ಒಂಬತ್ತು ದೇಶಗಳ ಸುಮಾರು 40,000 ಹದಿಹರೆಯದವರ ಉತ್ತರ ನೋಡಿದರು. ಇವು ನಮಗೆ ಗೊತ್ತು ಎಂದು ಹೇಳಿಕೊಂಡವರು ಹುಡುಗರಲ್ಲಿ ಹೆಚ್ಚು, ಅನುಕೂಲಸ್ಥ ಮನೆಗಳವರಲ್ಲಿ ಹೆಚ್ಚು. ಹಾಗೆ ಹೇಳಿದವರು ತಮ್ಮ ಸ್ವಸಾಮರ್ಥ್ಯಕ್ಕೂ ಹೆಚ್ಚು ಅಂಕ ಕೊಟ್ಟುಕೊಂಡಿದ್ದರು. ಹಾಗಾಗಿ ಪ್ರಶ್ನಾವಳಿಯ 'ಆತ್ಮವಿಶ್ವಾಸ'ದ ಅಂಕಿಯಲ್ಲಿ ಹೇಳಿಕೊಳ್ಳುವ ಅಭ್ಯಾಸದ ಪಾಲೂ ಬೆರೆತಿರುತ್ತದೆ.

## ತರಗತಿಯಲ್ಲಿ ಏನು ಮಾಡಿದರೆ ಫಲ

ನಂಬಿಕೆ ಹುಟ್ಟುವ ನಾಲ್ಕು ಮೂಲಗಳನ್ನು ಬಂಡೂರ ಹೆಸರಿಸಿದ್ದರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಂಡದ್ದು, ಇತರರ ಉತ್ತೇಜನದ ಮಾತು, ಆ ಹೊತ್ತಿನ ದೇಹ ಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಬಲವಾದದ್ದು ಎಂದೂ ಅವರು ಹೇಳಿದ್ದರು. ಉತ್ತೇಜನದ ಮಾತು ದುರ್ಬಲ, ಯಾಕೆಂದರೆ ಮುಂದಿನ ತಪ್ಪಾದ ಲೆಕ್ಕ ಅದನ್ನು ಸುಳ್ಳು ಮಾಡಿಬಿಡುತ್ತದೆ.

ಗೆಲ್ಲುವ ಅನುಭವವನ್ನು ಒದಗಿಸುವುದು ಹೇಗೆ ಎಂಬುದಕ್ಕೆ ಬಂಡೂರ ಮತ್ತು ಡೇಲ್ ಶುಂಕ್ 1981ರಲ್ಲಿ ನಡೆಸಿದ ಪ್ರಯೋಗ ಇಂದಿಗೂ ಒಳ್ಳೆಯ ಮಾದರಿ. ಕಳೆಯುವ ಲೆಕ್ಕದಲ್ಲಿ ತೀರಾ ಹಿಂದುಳಿದ, ಗಣಿತದಲ್ಲಿ ಆಸಕ್ತಿಯಿಲ್ಲದ ಮಕ್ಕಳಿಗೆ 42 ಪುಟಗಳ ಅಭ್ಯಾಸ ಸಾಮಗ್ರಿ ಕೊಟ್ಟು ಏಳು ಅವಧಿಗಳಲ್ಲಿ ತಾವೇ ಕಲಿಯಲು ಬಿಟ್ಟರು. ಒಂದು ಗುಂಪಿಗೆ 'ಪ್ರತಿ ಅವಧಿಗೆ 6 ಪುಟ' ಎಂಬ ಹತ್ತಿರದ ಗುರಿ. ಇನ್ನೊಂದಕ್ಕೆ 'ಏಳನೆಯ ಅವಧಿ ಮುಗಿಯುವಷ್ಟರಲ್ಲಿ 42 ಪುಟ' ಎಂಬ ದೂರದ ಗುರಿ. ಲೆಕ್ಕಕ್ಕೆ ಎರಡೂ ಒಂದೇ. ಆದರೆ ಹತ್ತಿರದ ಗುರಿಯವರು ಕೌಶಲದಲ್ಲೂ ಸ್ವಸಾಮರ್ಥ್ಯದ ನಂಬಿಕೆಯಲ್ಲೂ ಗಣಿತದ ಆಸಕ್ತಿಯಲ್ಲೂ ಮುಂದೆ ಬಂದರು. ಪ್ರತಿದಿನ 'ಮುಗಿಸಿದೆ' ಎಂಬ ಪುರಾವೆ ಅವರ ಕೈಗೆ ಸಿಗುತ್ತಿತ್ತು; ದೂರದ ಗುರಿಯವರಿಗೆ ಪ್ರತಿದಿನ ಕಂಡದ್ದು ಇನ್ನೂ ಎಷ್ಟು ಬಾಕಿ ಎಂಬುದು.

ಗೆಲುವು ಸಿಗಬೇಕು, ಆದರೆ ಅಗ್ಗವಾಗಬಾರದು. ಬರಾಕ್ ರೋಸೆನ್‌ಶೈನ್ 2012ರಲ್ಲಿ ಬರೆದ ಬೋಧನಾ ತತ್ವಗಳಲ್ಲಿ ಅಭ್ಯಾಸದ ಹೊತ್ತಿನಲ್ಲಿ ಸುಮಾರು 80% ಸರಿಯುತ್ತರ ಸಿಗುವಂತಿರಬೇಕು ಎಂದಿದ್ದರು. ಹತ್ತರಲ್ಲಿ ಎಂಟು ಸರಿ, ಎರಡರಲ್ಲಿ ತಿಣುಕಾಟ. ಹತ್ತೂ ಸರಿಯಾದರೆ ಮಗು ತನಗೆ ಗೊತ್ತಿದ್ದನ್ನೇ ಮಾಡುತ್ತಿದೆ. ಮೂರೋ ನಾಲ್ಕೋ ಸರಿಯಾದರೆ ತಪ್ಪು ವಿಧಾನವನ್ನೇ ರೂಢಿಸಿಕೊಳ್ಳುತ್ತಿದೆ. ಆ ಮಟ್ಟಕ್ಕೆ ತರಲು ಬಿಡಿಸಿದ ಮಾದರಿಗಳು ನೆರವಾಗುತ್ತವೆ. 3x + 5 = 17 ಅನ್ನೇ ತೆಗೆದುಕೊಳ್ಳಿ. ಮೊದಲು ಎಲ್ಲ ಹೆಜ್ಜೆ ಬಿಡಿಸಿ ತೋರಿಸಿದ ಒಂದು ಲೆಕ್ಕ. ಅದೇ ಜಾತಿಯ ಎರಡನೆಯ ಲೆಕ್ಕದಲ್ಲಿ 3ರಿಂದ ಭಾಗಿಸುವ ಕೊನೆಯ ಹೆಜ್ಜೆ ಮಾತ್ರ ಖಾಲಿ. ಮೂರನೆಯದರಲ್ಲಿ 5 ಕಳೆಯುವ ಹೆಜ್ಜೆಯೂ ಖಾಲಿ. ನಾಲ್ಕನೆಯದು ಪೂರ್ತಿ ಖಾಲಿ. ಸಾಮಾನ್ಯವಾಗಿ ಆಗುವ ಎಡವಟ್ಟೆಂದರೆ ಮೊದಲನೆಯದರಿಂದ ನೇರ ನಾಲ್ಕನೆಯದಕ್ಕೆ ಹಾರುವುದು. ಆಗ 5 ಅನ್ನು ಬಿಟ್ಟು 17 ಅನ್ನಷ್ಟೇ 3ರಿಂದ ಭಾಗಿಸುವ ತಪ್ಪು ಹುಟ್ಟುತ್ತದೆ, 'ನನಗೆ ಬೀಜಗಣಿತ ಬರುವುದಿಲ್ಲ' ಎಂಬ ಮಾತೂ ಅದರ ಜತೆಗೇ.

ನಂಬಿಕೆಯನ್ನು ಎತ್ತುವುದಕ್ಕಿಂತ ಸರಿಹೊಂದಿಸುವುದು ಮುಖ್ಯ. ಅದಕ್ಕೆ ಖರ್ಚಿಲ್ಲದ ಒಂದು ಕ್ರಮವಿದೆ. ಹತ್ತು ಲೆಕ್ಕ ಕೊಡಿ. ಬಿಡಿಸುವ ಮೊದಲು ಪ್ರತಿಯೊಂದನ್ನೂ ಸುಮಾರು 10 ಸೆಕೆಂಡು ನೋಡಿ, ಸರಿಯಾಗಿ ಬಿಡಿಸಬಲ್ಲೆ ಎಂಬ ಖಾತ್ರಿಯನ್ನು 0ಯಿಂದ 100ರವರೆಗೆ ಹತ್ತರ ಮೆಟ್ಟಿಲಲ್ಲಿ ಬರೆಯಲಿ. ಆಮೇಲೆ ಬಿಡಿಸಲಿ. ಖಾತ್ರಿಯ ಸರಾಸರಿಯಿಂದ ಸರಿಯುತ್ತರದ ಶೇಕಡಾವಾರು ಕಳೆಯಿರಿ. ಸರಾಸರಿ ಖಾತ್ರಿ 82, ಸರಿಯಾದದ್ದು 50% ಆದರೆ ವ್ಯತ್ಯಾಸ +32. ಈ ವಿದ್ಯಾರ್ಥಿಗೆ ಬೇಕಾದದ್ದು ಉತ್ತರವನ್ನು ತಾಳೆ ನೋಡುವ ರೂಢಿ, ತಪ್ಪು ನಿಯಮವನ್ನು ಬಯಲಿಗೆಳೆಯುವ ಲೆಕ್ಕ. ಖಾತ್ರಿ 40, ಸರಿಯಾದದ್ದು 70% ಆದರೆ −30. ಇವನಿಗೆ ಹೊಸ ಪಾಠ ಬೇಕಿಲ್ಲ, ತಾನು ಬರೆದ ಏಳು ಸರಿಯುತ್ತರಗಳನ್ನೇ ಅವನೆದುರು ಇಟ್ಟು ತೋರಿಸಬೇಕು. ಅಂಕಪಟ್ಟಿ ಮಾತ್ರ ನೋಡಿದರೆ 50 ಬಂದವನೇ ನಮ್ಮ ಕಣ್ಣಿಗೆ ಬೀಳುತ್ತಾನೆ. ಗಣಿತ ಬಿಟ್ಟುಹೋಗುವ ಅಪಾಯದಲ್ಲಿ 70 ಬಂದವನೂ ಇದ್ದಾನೆ ಎಂಬುದು ಈ ವ್ಯತ್ಯಾಸದಿಂದ ಮಾತ್ರ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಈ ಖಾತ್ರಿಯ ಅಂಕಿಗೆ ಅಂಕ ಕೊಡಬಾರದು, ತರಗತಿಯಲ್ಲಿ ಗಟ್ಟಿಯಾಗಿ ಓದಬಾರದು. ಹಾಗೆ ಮಾಡಿದ ಮರುದಿನದಿಂದ ಮಕ್ಕಳು ನಿಜ ಬರೆಯುವುದಿಲ್ಲ.

ಹೊಗಳಿಕೆಯ ಬಗೆಗೂ ಪುರಾವೆ ಇದೆ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಒಗಟಿನಂಥ ಸಮಸ್ಯೆಗಳನ್ನು ಕೊಟ್ಟು, ಗೆದ್ದ ಮೇಲೆ ಕೆಲವು ಮಕ್ಕಳಿಗೆ 'ನೀನು ಜಾಣ' ಎಂದೂ ಕೆಲವರಿಗೆ 'ಚೆನ್ನಾಗಿ ಶ್ರಮಪಟ್ಟೆ' ಎಂದೂ ಹೇಳಿದರು. ಮುಂದಿನ ಸುತ್ತಿನಲ್ಲಿ ಸೋತ ಬಳಿಕ 'ಜಾಣ' ಎನಿಸಿಕೊಂಡವರೇ ಬೇಗ ಕೈಚೆಲ್ಲಿದರು. ಜಾಣತನ ಗೆಲುವಿಗೆ ಕಾರಣವಾದರೆ ಸೋಲಿಗೆ ಕಾರಣ ದಡ್ಡತನವೇ ಆಗಬೇಕಲ್ಲ.

ಪವಾಡದಂತೆ ಪ್ರಚಾರ ಪಡೆದ ಕೆಲವು ಉಪಾಯಗಳ ನಿಜವಾದ ಅಳತೆಯನ್ನೂ ತಿಳಿದಿರಬೇಕು. ಬುದ್ಧಿ ಬೆಳೆಯಬಲ್ಲದು ಎಂಬ ಮನೋಭಾವ ಕಲಿಸುವ, ಒಂದು ಗಂಟೆಗೂ ಕಡಿಮೆ ಅವಧಿಯ ಆನ್‌ಲೈನ್ ಪಾಠವನ್ನು ಅಮೆರಿಕದ 65 ಪ್ರೌಢಶಾಲೆಗಳ 9ನೇ ತರಗತಿಯ ಸುಮಾರು 12,500 ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಹಿಂದುಳಿದ ವಿದ್ಯಾರ್ಥಿಗಳ ಗ್ರೇಡ್ ಸರಾಸರಿ, 0ಯಿಂದ ಸುಮಾರು 4ರವರೆಗಿನ ಅಳತೆಯಲ್ಲಿ, 0.10ರಷ್ಟು ಏರಿತ್ತು. ಇಷ್ಟು ಕಡಿಮೆ ಖರ್ಚಿಗೆ ಅದು ಒಳ್ಳೆಯದೇ, ಆದರೆ ಬೋಧನೆಗೆ ಬದಲಿಯಾಗುವಂಥದ್ದಲ್ಲ. ಪರೀಕ್ಷೆಗೆ ಮುಂಚೆ 10 ನಿಮಿಷ ತಮ್ಮ ಆತಂಕವನ್ನು ಬರೆದರೆ ಅಂಕ ಏರುತ್ತದೆ ಎಂದು 2011ರಲ್ಲಿ ಪ್ರಕಟವಾದ ಪ್ರಯೋಗವನ್ನು 2018ರ ದೊಡ್ಡ ಮರುಪರೀಕ್ಷಾ ಯೋಜನೆಯೊಂದು ಮತ್ತೆ ಮಾಡಿ ನೋಡಿತು; ಆ ಪರಿಣಾಮ ಮರುಕಳಿಸಲಿಲ್ಲ.

## ತಪ್ಪಾಗಿ ಓದಿದರೆ ಆಗುವುದೇನು

ನಂಬಿಕೆ ಇದ್ದವನಿಗೆ ಅಂಕ ಹೆಚ್ಚು ಎಂಬ ಸುದ್ದಿಯನ್ನಷ್ಟೇ ಹಿಡಿದ ಆಡಳಿತ ಪ್ರೇರಣಾ ಭಾಷಣಗಳಿಗೆ ಹಣ ಸುರಿಯುತ್ತದೆ. ಭಿನ್ನರಾಶಿ ಬಾರದ ಮಗು ಭಾಷಣ ಮುಗಿದ ಮೇಲೂ ಭಿನ್ನರಾಶಿ ಬಾರದ ಮಗುವೇ. ಈಗ 'ಧೈರ್ಯವಿದ್ದರೂ ಆಗಲಿಲ್ಲ' ಎಂಬ ಹೊಸ ಪುರಾವೆಯೂ ಅದರ ಬಳಿ ಇದೆ. ಅಂಕ ಹೆಚ್ಚಿರುವ ದೇಶಗಳಲ್ಲಿ ನಂಬಿಕೆ ಕಡಿಮೆ ಎಂಬ ಸುದ್ದಿಯನ್ನಷ್ಟೇ ಹಿಡಿದವರು, ಅಳುಕೇ ಸಾಧನೆಯ ಗುಟ್ಟು ಎಂದುಕೊಂಡು ಒತ್ತಡ ಏರಿಸುತ್ತಾರೆ. ಆ ದೇಶಗಳ ಒಳಗೂ ಅಳುಕಿರುವ ಮಗುವೇ ಹಿಂದಿದೆ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ. ಚುರುಕಾದವರನ್ನೆಲ್ಲ ಆರಿಸಿ ಒಂದೇ ವಿಭಾಗಕ್ಕೆ ಹಾಕುವ ಶಾಲೆ, ಅವರಲ್ಲಿ ಹಲವರ ಸ್ವಚಿತ್ರ ಕುಗ್ಗುವುದನ್ನು ಎಣಿಸದೆ ಅಂಕದ ಲಾಭವನ್ನಷ್ಟೇ ಎಣಿಸುತ್ತದೆ.

ಪೀಸಾ ಆಗಲಿ ಟಿಮ್ಸ್ ಆಗಲಿ ಪ್ರತಿ ಸುತ್ತಿನಲ್ಲೂ ಬೇರೆ ಬೇರೆ ಮಕ್ಕಳನ್ನು ಒಮ್ಮೆ ಮಾತ್ರ ಅಳೆಯುತ್ತವೆ. ಆದ್ದರಿಂದ ಯಾವುದು ಯಾವುದಕ್ಕೆ ಕಾರಣ ಎಂದು ಹೇಳುವ ಶಕ್ತಿ ಈ ಸಮೀಕ್ಷೆಗಳಿಗೆ ಅವುಗಳ ರಚನೆಯಿಂದಲೇ ಇಲ್ಲ. ಮುಂದಿನ ಬಾರಿ 'ಆತ್ಮವಿಶ್ವಾಸವೇ ಅಂಕದ ಗುಟ್ಟು' ಎಂಬ ಶೀರ್ಷಿಕೆ ಕಂಡರೆ ಮೊದಲು ನೋಡಬೇಕಾದದ್ದು ಮಕ್ಕಳನ್ನು ಕೇಳಿದ ಪ್ರಶ್ನೆ ಯಾವುದು ಎಂದು: ಸಮೀಕರಣದ ಬಗ್ಗೆಯೋ, ತಮ್ಮ ಸ್ಥಾನದ ಬಗ್ಗೆಯೋ? ಹೋಲಿಸಿದ್ದು ದೇಶಗಳನ್ನೋ, ಒಂದೇ ದೇಶದ ಮಕ್ಕಳನ್ನೋ? ಅವೇ ಮಕ್ಕಳನ್ನು ಒಂದೆರಡು ವರ್ಷ ಬಿಟ್ಟು ಎರಡನೆಯ ಬಾರಿ ಅಳೆದಿದ್ದಾರೆಯೇ? ಅಳೆದಿದ್ದರೆ, ಮೊದಲ ಬಾರಿಯ ಅಂಕವನ್ನು ಲೆಕ್ಕದಿಂದ ಕಳೆದ ಮೇಲೆ ನಂಬಿಕೆಯ ಪಾಲಿಗೆ ಉಳಿದದ್ದೆಷ್ಟು ಎಂಬ ಅಂಕಿ ವರದಿಯೊಳಗೆ ಎಲ್ಲೋ ಇದ್ದೇ ಇರುತ್ತದೆ.